ಗುಲಾಮಗಿರಿ, ಪ್ರತ್ಯೇಕತೆ ಮತ್ತು ಅಮೇರಿಕೆಯ ಅಂತರ್ಯುದ್ಧ

ಪ್ರಸ್ತಾವನೆ

ಮಂದ್ರೂಪ, ಅಕ್ಕಲಕೋಟ ಹಾಗೂ ಸೊಲ್ಲಾಪುರ ಪರಿಸರದ ಕನ್ನಡ ಮಾಧ್ಯಮ ಶಾಲೆಗಳ ವಿದ್ಯಾರ್ಥಿಗಳಿಗೆ ಎರೆಭೂಮಿ, ಜೋಳ, ಹತ್ತಿ, ಸಾವಕಾರನ ಸಾಲ ಇವು ಹೊಸ ಸಂಗತಿಗಳಲ್ಲ. ಅಮೇರಿಕೆಯ ಅಂತರ್ಯುದ್ಧ (1861–1865) ಮಾತ್ರ ಅವರಿಗೆ ಏಳು ಸಮುದ್ರದಾಚೆಯ ಕಥೆಯಂತೆ ತೋರುತ್ತದೆ. ಆದರೆ ಆ ಯುದ್ಧದ ಬಿಸಿ ಇದೇ ಎರೆಭೂಮಿಯ ರೈತನಿಗೂ ತಟ್ಟಿತ್ತು. ಆ ಯುದ್ಧಕ್ಕೆ ಮೂಲವಾದ ಪ್ರಶ್ನೆ ಮಹಾತ್ಮಾ ಫುಲೆಯವರ ಲೇಖನಿಯನ್ನೂ ಡಾ. ಬಾಬಾಸಾಹೇಬ ಅಂಬೇಡ್ಕರರ ಸಂವಿಧಾನ ಚಿಂತನೆಯನ್ನೂ ತಲುಪಿತು. ಆದುದರಿಂದ ಈ ಘಟಕವನ್ನು ಇಸವಿಗಳ ಪಟ್ಟಿಯಾಗಿ ಬೋಧಿಸದೆ, ಒಂದು ಅನ್ಯಾಯದ ಪ್ರಶ್ನೆಯನ್ನು ಎದುರಿಸದೆ ಮುಂದಕ್ಕೆ ತಳ್ಳುತ್ತ ಹೋದ ರಾಷ್ಟ್ರವು ಕೊನೆಗೆ ಎಂತಹ ಬೆಲೆ ತೆರಬೇಕಾಯಿತು ಎಂಬುದರ ವಿವೇಚನೆಯಾಗಿ ಬೋಧಿಸುವುದು ಯೋಗ್ಯ.

ಪಾಠದ ಉದ್ದೇಶಗಳು

1. ಯುದ್ಧದ ಮೂಲ ಕಾರಣ, ತತ್ಕಾಲದ ಕಾರಣ ಮತ್ತು ನೆಪ ಇವುಗಳ ಭೇದವನ್ನು ವಿದ್ಯಾರ್ಥಿಗಳು ಗುರುತಿಸುವರು.
2. ಗುಲಾಮಗಿರಿಯ ಆರ್ಥಿಕ ಆಧಾರವನ್ನು ವಿವರಿಸುವರು.
3. ರಾಜ್ಯಗಳ ಹಕ್ಕು ಎಂಬ ವಾದವನ್ನು ಆಧಾರಗಳ ಸಹಾಯದಿಂದ ಪರೀಕ್ಷಿಸುವರು.
4. ಆ ಯುದ್ಧಕ್ಕೂ ತಮ್ಮ ಸೀಮೆಯ ಇತಿಹಾಸಕ್ಕೂ ಇರುವ ಸಂಬಂಧವನ್ನು ತಿಳಿಯುವರು.

ಮೊದಲು ಸ್ಪಷ್ಟಪಡಿಸಬೇಕಾದ ಪದಗಳು

ಗುಲಾಮಗಿರಿ: ಮನುಷ್ಯನನ್ನು ಇನ್ನೊಬ್ಬನ ಆಸ್ತಿಯೆಂದು ಕಾಯದೆಯೇ ಒಪ್ಪಿಕೊಂಡಿರುವ ಪದ್ಧತಿ. ನಮ್ಮಲ್ಲಿ ರೂಢಿಯಲ್ಲಿದ್ದ ಜೀತಕ್ಕೂ ಇದಕ್ಕೂ ಹೋಲಿಕೆಯುಂಟು, ಆದರೆ ಎರಡೂ ಒಂದೇ ಅಲ್ಲ. ಜೀತದಾಳನ್ನು ಸಾಲದ ಹಗ್ಗದಿಂದ ಕಟ್ಟುತ್ತಿದ್ದರು. ಅಮೇರಿಕೆಯ ಗುಲಾಮನನ್ನು ದನಗಳಂತೆ ಹರಾಜಿನಲ್ಲಿ ಮಾರುತ್ತಿದ್ದರು. ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಕೂಸೂ ಧಣಿಯ ಆಸ್ತಿಯೇ ಆಗುತ್ತಿತ್ತು.

ಒಕ್ಕೂಟ: ಹಲವು ರಾಜ್ಯಗಳು ಒಂದು ಕೇಂದ್ರ ಸರಕಾರದ ಅಡಿಯಲ್ಲಿ ಕೂಡಿರುವ ವ್ಯವಸ್ಥೆ.

ಪ್ರತ್ಯೇಕತೆ: ಒಂದು ರಾಜ್ಯವು ಒಕ್ಕೂಟದಿಂದ ತಾನು ಹೊರಬಿದ್ದಿದ್ದೇನೆಂದು ಘೋಷಿಸಿಕೊಳ್ಳುವುದು.

ಅಂತರ್ಯುದ್ಧ: ಒಂದೇ ರಾಷ್ಟ್ರದ ಜನರು ಎರಡು ಪಕ್ಷಗಳಾಗಿ ಒಡೆದು ನಡೆಸುವ ಯುದ್ಧ.

ಸಂವಿಧಾನದಲ್ಲಿಯೇ ಉಳಿದ ಬಿರುಕು

ಆಫ್ರಿಕದಿಂದ ಹಿಡಿದು ತಂದ ಜನರನ್ನು 1619ರಲ್ಲಿ ವರ್ಜಿನಿಯ ವಸಾಹತಿನಲ್ಲಿ ಇಳಿಸಲಾಯಿತು. ಮುಂದಿನ ಶತಮಾನದಲ್ಲಿ ತಂಬಾಕು, ಭತ್ತ, ನೀಲಿ ಬೆಳೆಗಳ ತೋಟಗಳು ಅವರ ದುಡಿಮೆಯ ಮೇಲೆಯೇ ಬೆಳೆದವು. 1776ರ ಸ್ವಾತಂತ್ರ್ಯ ಘೋಷಣೆಯು ಎಲ್ಲ ಮನುಷ್ಯರೂ ಸಮಾನರೆಂದು ಸಾರಿತು. ಆದರೆ 1787ರಲ್ಲಿ ಸಂವಿಧಾನವನ್ನು ರಚಿಸುವಾಗ ದಕ್ಷಿಣದ ರಾಜ್ಯಗಳನ್ನು ಒಕ್ಕೂಟದಲ್ಲಿ ಉಳಿಸಿಕೊಳ್ಳುವುದಕ್ಕಾಗಿ ಮೂರು ರಿಯಾಯಿತಿಗಳನ್ನು ನೀಡಲಾಯಿತು. ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಜನಸಂಖ್ಯೆಗೆ ಸೇರಿಸಿಕೊಳ್ಳುವುದು. 1808ರವರೆಗೆ ಗುಲಾಮರ ಆಮದನ್ನು ನಿಷೇಧಿಸದಿರುವುದು. ಓಡಿಹೋದ ಗುಲಾಮನನ್ನು ಧಣಿಗೆ ಹಿಂದಿರುಗಿಸುವುದು. ಗುಲಾಮನಿಗೆ ಮತವಿರಲಿಲ್ಲ. ಆದರೂ ಅವನ ತಲೆ ಎಣಿಕೆಯಿಂದ ಧಣಿಯ ರಾಜಕೀಯ ಬಲ ಹೆಚ್ಚಿತು. ಇಷ್ಟೆಲ್ಲ ಬರೆದೂ ಆ ಸಂವಿಧಾನವು ‘ಗುಲಾಮ’ ಎಂಬ ಶಬ್ದವನ್ನು ಎಲ್ಲಿಯೂ ಬಳಸಲಿಲ್ಲ. ನಾಚಿಕೆಯ ಸಂಗತಿಯನ್ನು ಹೆಸರಿಸದೆ ಉಳಿಸಿಕೊಳ್ಳಲಾಯಿತು. ಬೂದಿ ಮುಚ್ಚಿದ ಕೆಂಡದಂತೆ ಅದು ಒಳಗೇ ಉಳಿಯಿತು.

ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ರದ್ದುಪಡಿಸತೊಡಗಿದವು. ದಕ್ಷಿಣದಲ್ಲಿಯೂ ಅದು ಕ್ರಮೇಣ ಅಳಿದುಹೋಗುವುದೆಂದು ಅನೇಕ ಮುಖಂಡರು ನಂಬಿದ್ದರು. ಆ ನಂಬಿಕೆಯನ್ನು ಹುಸಿಯಾಗಿಸಿದ್ದು ಹತ್ತಿ.

ಹತ್ತಿಯ ಬೆಳೆ, ಗುಲಾಮರ ಬೆಲೆ

ಹತ್ತಿಯಿಂದ ಕಾಳನ್ನು ಬೇರ್ಪಡಿಸುವುದು ಎಷ್ಟು ಬೇಸರದ ಕೆಲಸವೆಂಬುದನ್ನು ಹತ್ತಿ ಬೆಳೆಯುವ ಸೀಮೆಯ ಮಕ್ಕಳಿಗೆ ವಿವರಿಸಬೇಕಿಲ್ಲ. 1793ರಲ್ಲಿ ಎಲಿ ವಿಟ್ನಿ ಎಂಬುವನು ಈ ಕೆಲಸಕ್ಕೆ ‘ಜಿನ್’ ಯಂತ್ರವನ್ನು ರೂಪಿಸಿದನು. ಕಾಳು ತೆಗೆಯುವ ಶ್ರಮ ಕಡಿಮೆಯಾಯಿತು. ಆದರೆ ಬಿತ್ತುವ, ಕಳೆ ಕೀಳುವ, ಹತ್ತಿ ಬಿಡಿಸುವ ಕೆಲಸಕ್ಕೆ ಇನ್ನಷ್ಟು ಕೈಗಳು ಬೇಕಾದವು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ಹಸಿವು ದಿನೇ ದಿನೇ ಹೆಚ್ಚುತ್ತಿತ್ತು. 1860ರ ವೇಳೆಗೆ ಅಮೇರಿಕೆಯ ದಕ್ಷಿಣ ರಾಜ್ಯಗಳು ವರ್ಷಕ್ಕೆ ಸುಮಾರು 40 ಲಕ್ಷ ಬೇಲು ಹತ್ತಿಯನ್ನು ಬೆಳೆಯುತ್ತಿದ್ದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ ಸುಮಾರು 40 ಲಕ್ಷಕ್ಕೆ ಏರಿತ್ತು. ಆಗ ಇಡೀ ದೇಶದ ಜನಸಂಖ್ಯೆ 3 ಕೋಟಿ 14 ಲಕ್ಷ. ದೇಶದ ರೈಲುಮಾರ್ಗಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಹೂಡಿದ್ದ ಬಂಡವಾಳಕ್ಕಿಂತ ಗುಲಾಮರ ಮಾರುಕಟ್ಟೆ ಬೆಲೆಯೇ ಅಧಿಕವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಉತ್ತರದವರು ಒಳ್ಳೆಯವರು, ದಕ್ಷಿಣದವರು ಕೆಟ್ಟವರು’ ಎಂಬ ಸುಲಭ ತೀರ್ಮಾನಕ್ಕೆ ವಿದ್ಯಾರ್ಥಿಗಳು ಬರಬಾರದು. ಉತ್ತರದ ಗಿರಣಿಗಳು ಅದೇ ಹತ್ತಿಯನ್ನು ನೂಲುತ್ತಿದ್ದವು. ಅಲ್ಲಿನ ಹಡಗುಗಳೂ ಬ್ಯಾಂಕುಗಳೂ ಅದೇ ಹತ್ತಿಯಿಂದ ಲಾಭ ಪಡೆಯುತ್ತಿದ್ದವು. ಉತ್ತರದ ಬಹುತೇಕ ರಾಜ್ಯಗಳಲ್ಲಿ ಸ್ವತಂತ್ರ ಕರಿಯರಿಗೂ ಮತದಾನದ ಹಕ್ಕು ಇರಲಿಲ್ಲ.

ಮುಂದೂಡಿದ ಪ್ರಶ್ನೆ: 1820 ಮತ್ತು 1850ರ ಒಪ್ಪಂದಗಳು

ದೇಶವು ಪಶ್ಚಿಮಕ್ಕೆ ವಿಸ್ತರಿಸಿದಂತೆ ಪ್ರತಿ ಬಾರಿಯೂ ಒಂದೇ ಪ್ರಶ್ನೆ ಎದ್ದಿತು: ಹೊಸ ಪ್ರದೇಶದಲ್ಲಿ ಗುಲಾಮಗಿರಿ ಇರಬೇಕೇ, ಬೇಡವೇ? ಸೆನೆಟ್ ಸಭೆಯಲ್ಲಿ ಪ್ರತಿಯೊಂದು ರಾಜ್ಯಕ್ಕೂ ಇಬ್ಬರು ಸದಸ್ಯರು. ಆದುದರಿಂದ ಒಂದು ಹೊಸ ರಾಜ್ಯ ಸೇರಿದರೂ ಎರಡು ಪಕ್ಷಗಳ ತೂಕ ಬದಲಾಗುತ್ತಿತ್ತು.

1820ರಲ್ಲಿ ಮಿಸ್ಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿಯೂ ಮೇನ್ ಪ್ರದೇಶವನ್ನು ಮುಕ್ತ ರಾಜ್ಯವಾಗಿಯೂ ಸೇರಿಸಿಕೊಂಡು ತೂಕವನ್ನು ಸರಿದೂಗಿಸಲಾಯಿತು. ಲೂಸಿಯಾನ ಖರೀದಿಯಿಂದ ದೊರೆತ ಉಳಿದ ಪ್ರದೇಶದಲ್ಲಿ 36 ಅಂಶ 30 ಕಲೆ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇರಕೂಡದೆಂದು ಗೆರೆ ಎಳೆಯಲಾಯಿತು. 1846–48ರ ಯುದ್ಧದಲ್ಲಿ ಮೆಕ್ಸಿಕೊ ದೇಶದಿಂದ ವಿಶಾಲ ಭೂಭಾಗ ದೊರೆತಾಗ ಹಳೆಯ ಜಗಳ ಮತ್ತೆ ತಲೆಯೆತ್ತಿತು. 1850ರ ಒಪ್ಪಂದದಂತೆ ಕ್ಯಾಲಿಫೋರ್ನಿಯ ಮುಕ್ತ ರಾಜ್ಯವಾಯಿತು. ಪ್ರತಿಯಾಗಿ ದಕ್ಷಿಣಕ್ಕೆ ಓಡಿಹೋದ ಗುಲಾಮರ ಕುರಿತ ಕಠಿಣ ಕಾಯದೆ ದೊರೆಯಿತು. ಈ ಕಾಯದೆಯಂತೆ ಉತ್ತರದ ಸಾಮಾನ್ಯ ಪ್ರಜೆಯೂ ಓಡಿಬಂದವರನ್ನು ಹಿಡಿಯಲು ನೆರವಾಗಬೇಕಿತ್ತು. ಆಶ್ರಯ ಕೊಟ್ಟರೆ ದಂಡ, ಸೆರೆವಾಸ. ಹಿಡಿಯಲ್ಪಟ್ಟವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಅವಕಾಶವೂ ಇರಲಿಲ್ಲ.

ಈ ಎರಡೂ ಒಪ್ಪಂದಗಳು ಮುಳ್ಳನ್ನು ಕೀಳದೆ ಗಾಯಕ್ಕೆ ಎಣ್ಣೆ ಸವರಿದಂತಾದವು. ಮಾತುಕತೆಗೆ ಕುಳಿತವರಲ್ಲಿ ಗುಲಾಮರು ಒಬ್ಬರೂ ಇರಲಿಲ್ಲ ಎಂಬುದನ್ನು ತರಗತಿಯಲ್ಲಿ ಒತ್ತಿ ಹೇಳಬೇಕು. ಆದರೂ ಅವರು ಸುಮ್ಮನಿರಲಿಲ್ಲ. 1831ರಲ್ಲಿ ವರ್ಜಿನಿಯದಲ್ಲಿ ನ್ಯಾಟ್ ಟರ್ನರ್ ದಂಗೆಯ ಮುಂದಾಳಾದನು. 1838ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ ತಾನು ಕಂಡುಂಡ ಗುಲಾಮಗಿರಿಯನ್ನು ಭಾಷಣ, ಗ್ರಂಥ, ಪತ್ರಿಕೆಗಳ ಮೂಲಕ ಜಗತ್ತಿಗೆ ತಿಳಿಸಿದರು. 1849ರಲ್ಲಿ ಸ್ವತಂತ್ರಳಾದ ಹ್ಯಾರಿಯೆಟ್ ಟಬ್‌ಮನ್ ಮತ್ತೆ ಮತ್ತೆ ಹಿಂದಿರುಗಿ ತನ್ನವರನ್ನು ಬಿಡಿಸಿ ತಂದರು. ಓಡಿಬಂದ ಪ್ರತಿಯೊಬ್ಬರೂ ಉತ್ತರದ ಮನೆಬಾಗಿಲಿಗೆ ಆ ಪ್ರಶ್ನೆಯನ್ನು ತಂದು ನಿಲ್ಲಿಸಿದರು.

ಒಪ್ಪಂದಗಳು ಮುರಿದುಬಿದ್ದ ದಶಕ

1854ರ ಕಾನ್ಸಾಸ್–ನೆಬ್ರಾಸ್ಕ ಕಾಯದೆಯು 1820ರ ಗೆರೆಯನ್ನು ಅಳಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಆಯಾ ಪ್ರದೇಶದಲ್ಲಿ ನೆಲೆಸಿದ ಬಿಳಿಯರ ಮತಕ್ಕೆ ಬಿಟ್ಟುಕೊಟ್ಟಿತು. ಬಹುಮತ ಗಳಿಸುವುದಕ್ಕಾಗಿ ಎರಡೂ ಪಕ್ಷದವರು ಕಾನ್ಸಾಸಿಗೆ ಧಾವಿಸಿದರು. ಅಲ್ಲಿ ರಕ್ತ ಹರಿಯಿತು. ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುವ ರಿಪಬ್ಲಿಕನ್ ಪಕ್ಷವು ಅದೇ ವರ್ಷ ಹುಟ್ಟಿತು.

1857ರಲ್ಲಿ ಸರ್ವೋಚ್ಚ ನ್ಯಾಯಾಲಯವು ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಮುಕ್ತ ಪ್ರದೇಶಗಳಲ್ಲಿ ಧಣಿಯೊಡನೆ ವಾಸವಾಗಿದ್ದುದರಿಂದ ತಾನು ಸ್ವತಂತ್ರನೆಂಬುದು ಸ್ಕಾಟನ ವಾದವಾಗಿತ್ತು. ಆಫ್ರಿಕ ಮೂಲದವರು ಅಮೇರಿಕೆಯ ನಾಗರಿಕರಾಗಲಾರರು, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಜಗಳವನ್ನು ಕೊನೆಗಾಣಿಸಬೇಕಾದ ತೀರ್ಪು ರಾಜಿಯ ದಾರಿಯನ್ನೇ ಮುಚ್ಚಿತು. 1859ರಲ್ಲಿ ಜಾನ್ ಬ್ರೌನ್ ಎಂಬ ಬಿಳಿಯನು ಗುಲಾಮರ ದಂಗೆಯನ್ನು ಎಬ್ಬಿಸಲೆಂದು ಹಾರ್ಪರ್ಸ್ ಫೆರಿಯ ಸರಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ, ಸೆರೆಸಿಕ್ಕು ಗಲ್ಲಿಗೇರಿದನು. ಉತ್ತರದ ಅನೇಕರಿಗೆ ಅವನು ಹುತಾತ್ಮ, ದಕ್ಷಿಣದವರಿಗೆ ಕೊಲೆಗಡುಕ. ಒಂದೇ ಘಟನೆಯನ್ನು ದೇಶದ ಎರಡು ಭಾಗಗಳು ಒಂದೇ ಕಣ್ಣಿನಿಂದ ನೋಡಲಾರದ ಸ್ಥಿತಿ ಬಂದೊದಗಿತ್ತು.

ಪ್ರತ್ಯೇಕತೆಯಿಂದ ಯುದ್ಧಕ್ಕೆ

1860ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಆರಿಸಿ ಬಂದರು. ನಾಲ್ವರು ಅಭ್ಯರ್ಥಿಗಳ ನಡುವೆ ಅವರಿಗೆ ದೊರೆತ ಜನಮತ ಸುಮಾರು ಶೇಕಡಾ 40. ಇರುವಲ್ಲಿ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ಪ್ರದೇಶಗಳಿಗೆ ಹಬ್ಬಗೊಡುವುದಿಲ್ಲ ಎಂಬುದು ಅವರ ನಿಲುವಾಗಿತ್ತು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು, ‘ಇರುವಲ್ಲಿ ಮುಟ್ಟುವುದಿಲ್ಲವೆಂದ ಮೇಲೆ ದಕ್ಷಿಣದವರು ಹೊರಹೋದದ್ದೇಕೆ?’ ಎಂದು ಕೇಳಬಹುದು. ಉತ್ತರ ಹೀಗಿದೆ: ಗುಲಾಮಗಿರಿ ಹಬ್ಬದಿದ್ದರೆ ಮುಂದೆ ಸೇರುವ ರಾಜ್ಯಗಳೆಲ್ಲ ಮುಕ್ತ ರಾಜ್ಯಗಳಾಗುತ್ತಿದ್ದವು, ಸೆನೆಟ್ಟಿನಲ್ಲಿ ದಕ್ಷಿಣದ ತೂಕ ಕಳೆದುಹೋಗುತ್ತಿತ್ತು, ಒಂದಿಲ್ಲೊಂದು ದಿನ ಸಂವಿಧಾನದ ತಿದ್ದುಪಡಿಯಿಂದಲೇ ಗುಲಾಮಗಿರಿ ರದ್ದಾಗಬಹುದಿತ್ತು. ದಕ್ಷಿಣದ ಒಂದು ಮತವೂ ಇಲ್ಲದೆ ಅಧ್ಯಕ್ಷನು ಆರಿಸಿ ಬರಬಲ್ಲನೆಂಬುದು ಆ ಚುನಾವಣೆಯಿಂದ ಸಿದ್ಧವಾಗಿತ್ತು. ತೋಟಗಳ ಒಡೆಯರು ಅಂಜಿದ್ದು ಇದಕ್ಕೆ.

1860ರ ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನ ಒಕ್ಕೂಟದಿಂದ ಹೊರಬಂದಿತು. 1861ರ ಫೆಬ್ರುವರಿಯೊಳಗೆ ಮಿಸ್ಸಿಸ್ಸಿಪ್ಪಿ, ಫ್ಲೋರಿಡ, ಅಲಬಾಮ, ಜಾರ್ಜಿಯ, ಲೂಸಿಯಾನ, ಟೆಕ್ಸಾಸ್ ಅದನ್ನು ಅನುಸರಿಸಿದವು. ಈ ರಾಜ್ಯಗಳು ಜೆಫರ್ಸನ್ ಡೇವಿಸ್ ಅಧ್ಯಕ್ಷತೆಯಲ್ಲಿ ತಮ್ಮದೇ ಪ್ರತ್ಯೇಕ ಒಕ್ಕೂಟವನ್ನು ರಚಿಸಿಕೊಂಡವು. ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ತೋಪುಗಳು ಗುಂಡಿನ ಮಳೆಗರೆದವು. ಲಿಂಕನ್ 75,000 ಸೈನಿಕರನ್ನು ಕೇಳಿದರು. ಆಗ ವರ್ಜಿನಿಯ, ಆರ್ಕನ್ಸಾ, ಟೆನೆಸ್ಸಿ, ಉತ್ತರ ಕ್ಯಾರೊಲಿನ ರಾಜ್ಯಗಳೂ ದಕ್ಷಿಣವನ್ನು ಸೇರಿದವು. ಹೀಗೆ ಹೊರಹೋದವು 11 ರಾಜ್ಯಗಳು. ಗುಲಾಮಗಿರಿಯಿದ್ದರೂ ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೌರಿ ಇವು ಒಕ್ಕೂಟದಲ್ಲಿಯೇ ಉಳಿದವು.

ರಾಜ್ಯಗಳ ಹಕ್ಕೋ, ಗುಲಾಮಗಿರಿಯೋ?

‘ಯುದ್ಧವು ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ’ ಎಂಬ ವಾದವು ಯುದ್ಧಾನಂತರ ಬಹಳ ಪ್ರಚಾರ ಪಡೆಯಿತು. ಈ ವಾದವನ್ನು ಅಲ್ಲಗಳೆದು ಮುಂದೆ ಸಾಗುವುದಕ್ಕಿಂತ ಆಧಾರಗಳ ಮುಂದೆ ನಿಲ್ಲಿಸುವುದು ಇತಿಹಾಸ ಬೋಧನೆಯ ಸರಿಯಾದ ಕ್ರಮ.

ಮೊದಲನೆಯದಾಗಿ, ಹೊರಹೋಗುವಾಗ ಮಿಸ್ಸಿಸ್ಸಿಪ್ಪಿ ಮುಂತಾದ ರಾಜ್ಯಗಳು ಹೊರಡಿಸಿದ ಘೋಷಣಾಪತ್ರಗಳು ಗುಲಾಮಗಿರಿಯ ರಕ್ಷಣೆಯೇ ತಮ್ಮ ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳಿವೆ. ಎರಡನೆಯದಾಗಿ, ದಕ್ಷಿಣ ಕ್ಯಾರೊಲಿನದ ಪತ್ರವು ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಹಿಂದಿರುಗಿಸಲು ಒಪ್ಪದ್ದನ್ನೇ ದೊಡ್ಡ ಅಪರಾಧವೆಂದು ದೂರಿದೆ. ಎಂದರೆ ಉತ್ತರದ ರಾಜ್ಯವು ತನ್ನ ಹಕ್ಕನ್ನು ಚಲಾಯಿಸಿದಾಗ ದಕ್ಷಿಣಕ್ಕೆ ಕೇಂದ್ರದ ಬಲವಾದ ಕೈಯೇ ಬೇಕಾಗಿತ್ತು. ಮೂರನೆಯದಾಗಿ, ದಕ್ಷಿಣದ ಹೊಸ ಒಕ್ಕೂಟದ ಸಂವಿಧಾನವು ಗುಲಾಮರ ಮೇಲಿನ ಒಡೆತನಕ್ಕೆ ಕುಂದು ತರುವ ಕಾಯದೆಯನ್ನು ಅದರ ಸಂಸತ್ತು ಮಾಡಕೂಡದೆಂದು ವಿಧಿಸಿತು. ನಾಲ್ಕನೆಯದಾಗಿ, ಅದರ ಉಪಾಧ್ಯಕ್ಷನಾದ ಅಲೆಗ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ ತಿಂಗಳ ಭಾಷಣದಲ್ಲಿ, ಜನಾಂಗಗಳ ಅಸಮಾನತೆ ಮತ್ತು ಗುಲಾಮಗಿರಿಯೇ ತಮ್ಮ ಸರಕಾರದ ಮೂಲೆಗಲ್ಲೆಂದು ಸಾರಿದನು.

ಸುಂಕದ ವಿಷಯದಲ್ಲಿಯೂ ಉತ್ತರ–ದಕ್ಷಿಣಗಳಲ್ಲಿ ಜಗಳವಿತ್ತು. 1832ರಲ್ಲಿ ದಕ್ಷಿಣ ಕ್ಯಾರೊಲಿನವು ಕೇಂದ್ರದ ಸುಂಕ ಕಾಯದೆಯನ್ನು ತಳ್ಳಿಹಾಕಿತ್ತು. ಆದರೆ ಆ ಜಗಳ ಮರುವರ್ಷವೇ ರಾಜಿಯಲ್ಲಿ ಮುಗಿಯಿತು. ರಾಜಿಗೆ ದಕ್ಕದೆ ಉಳಿದದ್ದು ಗುಲಾಮಗಿರಿಯೊಂದೇ. ಆದುದರಿಂದ ಸಮ್ಟರ್ ಕೋಟೆಯ ದಾಳಿ ತತ್ಕಾಲದ ಕಾರಣ, ಗುಲಾಮಗಿರಿ ಮೂಲ ಕಾರಣ, ರಾಜ್ಯದ ಹಕ್ಕು ಅದಕ್ಕೆ ತೊಡಿಸಿದ ಅಂಗಿ ಎಂದು ತಿಳಿಸಬಹುದು. ಹಕ್ಕಿನ ಮಾತು ಬಂದಾಗಲೆಲ್ಲ ‘ಯಾರ ಹಕ್ಕು? ಯಾವುದನ್ನು ಮಾಡುವ ಹಕ್ಕು?’ ಎಂದು ಕೇಳುವ ರೂಢಿ ಮಕ್ಕಳಲ್ಲಿ ಬೆಳೆಯಬೇಕು.

ಯುದ್ಧದ ಪರಿಣಾಮ

ಒಕ್ಕೂಟವನ್ನು ಉಳಿಸಲು ಆರಂಭವಾದ ಯುದ್ಧವು 1863ರ ಜನವರಿ 1ರ ವಿಮೋಚನಾ ಘೋಷಣೆಯಿಂದ ಗುಲಾಮಗಿರಿಯ ವಿರುದ್ಧದ ಯುದ್ಧವೂ ಆಯಿತು. ಸುಮಾರು 1 ಲಕ್ಷ 80 ಸಾವಿರ ಕರಿಯರು ಒಕ್ಕೂಟದ ಸೇನೆಯಲ್ಲಿ ಹೋರಾಡಿದರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದನು. ಐದು ದಿನಗಳ ಬಳಿಕ ಲಿಂಕನ್ ಗುಂಡಿಗೆ ಗುರಿಯಾಗಿ, ಮರುದಿನ ಅಸುನೀಗಿದರು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆರು ಲಕ್ಷಕ್ಕಿಂತ ಹೆಚ್ಚು ಸೈನಿಕರು ಪ್ರಾಣ ತೆತ್ತಿದ್ದರು.

ಎರೆಭೂಮಿಗೆ ತಟ್ಟಿದ ಬಿಸಿ

ಯುದ್ಧಕ್ಕೆ ಮೊದಲು ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯ ನಾಲ್ಕರಲ್ಲಿ ಮೂರು ಪಾಲು ಅಮೇರಿಕೆಯದಾಗಿತ್ತು. ಉತ್ತರದ ನೌಕಾಪಡೆಯು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದೊಡನೆ ಲ್ಯಾಂಕಶೈರಿನ ಗಿರಣಿಗಳು ನಿಂತವು. ಲಕ್ಷಾಂತರ ಕಾರ್ಮಿಕರ ಒಲೆ ಆರಿತು. ಗಿರಣಿ ಮಾಲೀಕರ ಕಣ್ಣು ಭಾರತದ ಮೇಲೆ ಬಿದ್ದಿತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೇರಿಕೆಯ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೇರೂರಿತ್ತು. ‘ಧಾರವಾಡ ಅಮೇರಿಕನ್’ ಎಂಬ ಹೆಸರಿನ ಆ ಹತ್ತಿಗೆ ಈಗ ಎಲ್ಲಿಲ್ಲದ ಬೇಡಿಕೆ ಬಂದಿತು. 1860ರಲ್ಲಿ ರೈಲುಮಾರ್ಗವು ಸೊಲ್ಲಾಪುರವನ್ನು ತಲುಪಿತ್ತು. 1863ರಲ್ಲಿ ಬೋರಘಾಟದ ಮಾರ್ಗವೂ ತೆರೆದುದರಿಂದ ಸೊಲ್ಲಾಪುರದಿಂದ ಮುಂಬಯಿಗೆ ಸರಕು ನೇರವಾಗಿ ಸಾಗುವಂತಾಯಿತು.

ದಖ್ಖನಿನ ಹಳ್ಳಿಗಳಲ್ಲಿ ಸಾವಕಾರರು ಕೈಬಿಚ್ಚಿ ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಅಮೇರಿಕೆಯ ಹತ್ತಿ ಮತ್ತೆ ಮಾರುಕಟ್ಟೆಗೆ ಬಂದಿತು, ಬೆಲೆ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳೂ ಕಂಪನಿಗಳೂ ಉರುಳಿದವು. ಹಳ್ಳಿಯಲ್ಲಿ ಸಾವಕಾರನು ಕೈ ಬಿಗಿಹಿಡಿದನು. ಅದೇ ಕಾಲದಲ್ಲಿ ಸರಕಾರವು ಭೂಕಂದಾಯವನ್ನು ಹೆಚ್ಚಿಸಿತು. ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾವಕಾರರ ಸಾಲಪತ್ರಗಳನ್ನು ಕಸಿದು ಸುಟ್ಟರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. 1879ರ ದಖ್ಖನ ರೈತರ ಪರಿಹಾರ ಕಾಯದೆಯು ಪುಣೆ, ಅಹಮದನಗರ, ಸಾತಾರಾ ಜಿಲ್ಲೆಗಳೊಡನೆ ಸೊಲ್ಲಾಪುರ ಜಿಲ್ಲೆಗೂ ಅನ್ವಯಿಸಿತು. ಈ ದಂಗೆಗೆ ಅಮೇರಿಕೆಯ ಯುದ್ಧವೊಂದೇ ಕಾರಣವಲ್ಲ. ಆದರೆ ಕಾರಣಗಳ ಸರಪಳಿಯಲ್ಲಿ ಅದು ಒಂದು ಕೊಂಡಿ.

ಫುಲೆ ಮತ್ತು ಅಂಬೇಡ್ಕರರು ಕಂಡ ಅರ್ಥ

ಮಹಾತ್ಮಾ ಜ್ಯೋತಿರಾವ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಎಂಬ ಗ್ರಂಥವನ್ನು ಪ್ರಕಟಿಸಿ, ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಲು ತ್ಯಾಗ ಮಾಡಿದ ಅಮೇರಿಕೆಯ ಜನತೆಗೆ ಅದನ್ನು ಅರ್ಪಿಸಿದರು. ಅಲ್ಲಿಯ ವಿಮೋಚನೆಯಲ್ಲಿ ಅವರು ಇಲ್ಲಿಯ ಶೂದ್ರಾತಿಶೂದ್ರರ ಬಿಡುಗಡೆಯ ಭರವಸೆಯನ್ನು ಕಂಡಿದ್ದರು. ದೂರದ ಇತಿಹಾಸವನ್ನು ತಮ್ಮ ಊರಿನ ಅನ್ಯಾಯದ ಪಕ್ಕದಲ್ಲಿಟ್ಟು ಓದುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮಹಾರಾಷ್ಟ್ರದ ಶಿಕ್ಷಕರಿಗೆ ದೊರೆಯದು.

ಪ್ರತ್ಯೇಕತೆಯ ಪ್ರಶ್ನೆಯನ್ನು ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎತ್ತಿಕೊಂಡರು. ಒಕ್ಕೂಟದಿಂದ ಹೊರಹೋಗುವ ಹಕ್ಕು ರಾಜ್ಯಗಳಿಗಿಲ್ಲವೆಂಬುದನ್ನು ಸ್ಥಾಪಿಸಲು ಅಮೇರಿಕೆಯವರು ಅಂತರ್ಯುದ್ಧವನ್ನೇ ನಡೆಸಬೇಕಾಯಿತು. ಭಾರತದಲ್ಲಿ ಅದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಲೇಸೆಂದು ಅವರು ವಿವರಿಸಿದರು. ನಮ್ಮ ಸಂವಿಧಾನದ 1ನೆಯ ಅನುಚ್ಛೇದವು ಭಾರತವನ್ನು ‘ರಾಜ್ಯಗಳ ಒಕ್ಕೂಟ’ವೆಂದು ಕರೆಯುತ್ತದೆ. 23ನೆಯ ಅನುಚ್ಛೇದವು ಮಾನವ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಜೀತಪದ್ಧತಿಯ ನಿರ್ಮೂಲನಕ್ಕೆ 1976ರಲ್ಲಿ ಕಾಯದೆಯಾಯಿತು.

ಗಡಿಭಾಗದ ತರಗತಿಗಳಲ್ಲಿ ಒಂದು ಭೇದವನ್ನು ಅವಶ್ಯವಾಗಿ ತಿಳಿಸಬೇಕು. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರವನ್ನು 3ನೆಯ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆ. 1956ರ ರಾಜ್ಯ ಪುನರ್ವಿಂಗಡಣೆಯೂ 1960ರಲ್ಲಿ ಮಹಾರಾಷ್ಟ್ರದ ಸ್ಥಾಪನೆಯೂ ಸಂಸತ್ತಿನ ಕಾಯದೆಯಿಂದಲೇ ನಡೆದವು. ಗಡಿಯ ಕುರಿತ ಬೇಡಿಕೆ, ಭಾಷೆಯ ಕುರಿತ ಬೇಡಿಕೆ ಇವು ಒಕ್ಕೂಟದ ಒಳಗಿನ ಮಾತುಗಳು. ಅವುಗಳನ್ನು ಪ್ರತ್ಯೇಕತೆಯೊಡನೆ ಬೆರೆಸಬಾರದು.

ಬೋಧನಾ ಸೂಚನೆಗಳು

1. ಇಯತ್ತೆ ಒಂಬತ್ತು ಮತ್ತು ಹತ್ತರ ತರಗತಿಗಳಲ್ಲಿ ಎರಡು ತಾಸುಗಳನ್ನು ಬಳಸಬಹುದು: ಮೊದಲನೆಯದರಲ್ಲಿ 1787ರಿಂದ 1861ರವರೆಗಿನ ಕಾರಣಗಳು, ಎರಡನೆಯದರಲ್ಲಿ ಆಧಾರಗಳ ಪರೀಕ್ಷೆ ಮತ್ತು ದಖ್ಖನಿನ ಮೇಲಾದ ಪರಿಣಾಮ.
2. 1787, 1793, 1820, 1850, 1854, 1857, 1859, 1860, 1861 ಈ ಇಸವಿಗಳ ಘಟನೆಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಹಂಚಬೇಕು. ಪ್ರತಿಯೊಂದು ಗುಂಪು ತನ್ನ ಘಟನೆಯಿಂದ ಮುಂದಿನ ಘಟನೆ ಹೇಗೆ ಹುಟ್ಟಿತೆಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಬೇಕು.
3. ಗುಲಾಮಗಿರಿಯನ್ನು ಸಮರ್ಥಿಸುವ ಪಾತ್ರವನ್ನಾಗಲಿ, ಹರಾಜಿನ ದೃಶ್ಯವನ್ನಾಗಲಿ ಮಕ್ಕಳಿಂದ ಅಭಿನಯಿಸಬಾರದು. ಅವಮಾನದ ನೆನಪುಳ್ಳ ಮನೆಗಳ ಮಕ್ಕಳು ತರಗತಿಯಲ್ಲಿರಬಹುದು.
4. ಊರಿನ ಹಿರಿಯರಿಂದ ಹತ್ತಿ, ಜಿನ್ನಿಂಗ್, ಸಾಲಪತ್ರ, ಜೀತ ಇವುಗಳ ಕುರಿತು ಮಾಹಿತಿ ಸಂಗ್ರಹಿಸಲು ಹೇಳಬಹುದು. ಹೇಳಿದವರ ಸಾಲದ ವಿವರ ಅಥವಾ ಹೆಸರನ್ನು ವಹಿಯಲ್ಲಿ ಬರೆಯದಂತೆ ಸೂಚಿಸಬೇಕು.

ಮೌಲ್ಯಮಾಪನ ಪ್ರಶ್ನೆಗಳು

1. ಗುಲಾಮನಿಗೆ ಮತವಿಲ್ಲದಿದ್ದರೂ ಅವನ ಎಣಿಕೆಯಿಂದ ಯಾರಿಗೆ ಲಾಭವಾಯಿತು? ಹೇಗೆ?
2. ಶ್ರಮವನ್ನು ಉಳಿಸುವ ಯಂತ್ರವು ಗುಲಾಮಗಿರಿಯನ್ನು ಹೆಚ್ಚಿಸಿದ್ದೇಕೆ?
3. 1820ರ ಮತ್ತು 1850ರ ಒಪ್ಪಂದಗಳು ಶಾಂತಿಯನ್ನು ಉಳಿಸಿದವೇ, ಯುದ್ಧವನ್ನು ಮುಂದೂಡಿದವೇ? ಕಾರಣ ಕೊಟ್ಟು ಬರೆಯಿರಿ.
4. ‘ಯುದ್ಧವು ರಾಜ್ಯಗಳ ಹಕ್ಕಿಗಾಗಿ ನಡೆಯಿತು.’ ಈ ಹೇಳಿಕೆಯನ್ನು ಎರಡು ಆಧಾರಗಳಿಂದ ಪರೀಕ್ಷಿಸಿರಿ.
5. ಅಮೇರಿಕೆಯಲ್ಲಿ ಶಾಂತಿ ನೆಲೆಸಿದ್ದು ದಖ್ಖನಿನ ರೈತನಿಗೆ ಸಂಕಟವಾದದ್ದು ಹೇಗೆ?

ಮೂರನೆಯ ಪ್ರಶ್ನೆಗೆ ಎರಡೂ ಬಗೆಯ ಉತ್ತರಗಳನ್ನು ಒಪ್ಪಬಹುದು, ಕಾರಣ ಸಮರ್ಪಕವಾಗಿರಬೇಕು. ಆದರೆ ರಾಜಿಯ ಲಾಭ ಯಾರಿಗೆ ದೊರೆಯಿತು, ಅದರ ಭಾರವನ್ನು ಯಾರು ಹೊತ್ತರು ಎಂಬುದನ್ನು ಗಮನಿಸಿ ಬರೆದ ಉತ್ತರಕ್ಕೆ ಹೆಚ್ಚಿನ ಗುಣ ನೀಡುವುದು ನ್ಯಾಯ.